ಕಾಶೀಂಬಿಗೆ ಯಾರೂ ಹಾಕದ ಸೂಜಿ

ಎರಿಹಾಳದ ಸರಕಾರಿ ದವಾಖಾನೆಯ ಬಾಗಿಲನ್ನು ಬೆಳಗ್ಗೆ ತೆಗೆಯುತ್ತಿದ್ದವಳು ಕಾಶೀಂಬಿ. ಡಾಕ್ಟರು ಬದಲಾದರು, ನರ್ಸುಗಳು ಬದಲಾದರು, ಔಷಧಿ ಕೊಡುವವರು ವರ್ಗವಾಗಿ ಹೋದರು. ಕೀಲಿಕೈ ಮಾತ್ರ ಅವಳ ಸೆರಗಿನ ತುದಿಯಲ್ಲೇ ಉಳಿಯಿತು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯಿಂದ ಒಳಗೆ ಸರಿದು ಎರಿಹೊಲಗಳ ನಡುವೆ ಕೂತಿರುವ ಊರದು. ಮಳೆ ಬಿದ್ದರೆ ಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಅಂಥ ದಿನಗಳಲ್ಲಿ ಬಂದವರೆಲ್ಲ ವರಾಂಡದ ತುಂಬ ಕರಿ ಹೆಜ್ಜೆ ಮೂಡಿಸುತ್ತಿದ್ದರು. ಕಾಶೀಂಬಿ ಅವರ ಹಿಂದೆಯೇ ನೆಲ ಒರೆಸುತ್ತ ಬೈಯುತ್ತಿದ್ದಳು. ಬೈಯುತ್ತಲೇ ಮುದುಕಿಯರ ಕೈಹಿಡಿದು ಬೆಂಚಿನ ಮೇಲೆ ಕೂರಿಸುತ್ತಿದ್ದಳು.

ಅವಳ ತವರು ನರಗುಂದ. ಲಗ್ನವಾಗಿ ಬಂದದ್ದು ಹತ್ತಿ ಹಿಂಜಿ ಗಾದಿ ಹೊಲಿಯುವ ಯಮನೂರಸಾಬನ ಮನೆಗೆ. ಮದುವೆ ಹಂಗಾಮು ಬಂತೆಂದರೆ ಅವನು ಇಟಗಿ, ಅಬ್ಬಿಗೇರಿ, ಪುರ್ತಗೇರಿ ಎಂದು ತಿರುಗಿ, ಮದುಮಕ್ಕಳ ಮನೆಯಂಗಳದಲ್ಲೇ ಕೂತು ಗಾದಿ ತುಂಬಿಕೊಟ್ಟು ಬರುತ್ತಿದ್ದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಹತ್ತಿಯ ಧೂಳು ಎದೆಗೆ ಸೇರಿ ಚಳಿಗಾಲವೆಲ್ಲ ಕೆಮ್ಮುತ್ತಿದ್ದ. ಆ ಕೆಮ್ಮಿಗೆ ಗುಳಿಗೆ ಕೇಳಲು ಹೋದಾಗಲೇ ಕಾಶೀಂಬಿಗೆ ದವಾಖಾನೆಯ ಕೆಲಸ ಸಿಕ್ಕಿದ್ದು. ಕಸ ಗುಡಿಸುವ ಮುದುಕ ಕೆಲಸ ಬಿಟ್ಟಿದ್ದ. ನೆಲದ ಮೇಲೆ ಯಾರೋ ವಾಂತಿ ಮಾಡಿಕೊಂಡಿದ್ದರು. ಎಲ್ಲರೂ ಮೂಗು ಮುಚ್ಚಿ ದಾಟಿ ಹೋಗುತ್ತಿದ್ದಾಗ ಈಕೆ ತಾನಾಗಿ ಮೂಲೆಯ ಬೂದಿ ತಂದು ಸುರಿದು ಬಳಿದು ಹಾಕಿದಳು. ಆಗಿನ ಡಾಕ್ಟರು ಕಿಟಕಿಯಿಂದ ನೋಡಿ, "ನಾಳಿಂದ ಬರ್ತೀಯೇನವಾ?" ಎಂದು ಕೇಳಿದರು. ಬಂದಳು. ಆಮೇಲೆ ಆ ಕೆಲಸ ಗುತ್ತಿಗೆಯ ಏಜೆನ್ಸಿಯವರ ಕೈಗೆ ಹೋಯಿತು. ಯಾರ ಹೆಸರಿನಲ್ಲಿ ಸಂಬಳ ಬರುತ್ತದೆಂಬುದು ಆಗಾಗ ಬದಲಾಯಿತು, ಕಸಬರಿಗೆ ಬದಲಾಗಲಿಲ್ಲ.

ಆ ಮೊದಲಿನ ವರ್ಷಗಳ ದವಾಖಾನೆಯನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಮಕ್ಕಳಾಗದ ಹಾಗೆ ಆಪರೇಷನ್ ಮಾಡುವ ಶಿಬಿರಗಳು ನಡೆಯುತ್ತಿದ್ದವು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ಟ್ರ್ಯಾಕ್ಟರಿನಲ್ಲಿ ಕರೆತಂದು, ಮುಗಿದವರನ್ನು ಮುಗಿದ ಹಾಗೆ ನೆಲದ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ರಕ್ತ ಹತ್ತಿದ ಹತ್ತಿ, ಸೂಜಿ, ಬ್ಲೇಡು, ಎಲ್ಲ ಒಂದೇ ತಗಡಿನ ಬುಟ್ಟಿಗೆ ಬೀಳುತ್ತಿದ್ದವು. ಅದನ್ನು ಹಿತ್ತಲಿನ ಗುಂಡಿಗೆ ಸುರಿದು, ಸೀಮೆಎಣ್ಣೆ ಹಾಕಿ ಸುಡುವುದು ಕಾಶೀಂಬಿಯ ಪಾಲಿನ ಕೆಲಸ. ಡಾಕ್ಟರಿಗೆ ಕೈಗವಸು ಇತ್ತು, ನರ್ಸಿಗೆ ಇತ್ತು. ಕಸ ಎತ್ತುವವಳಿಗೂ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅವಳಿಗೂ ಅನ್ನಿಸಿರಲಿಲ್ಲ. ಸೂಜಿ ಚುಚ್ಚಿದರೆ ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪಿ ಉಗುಳಿ ಮತ್ತೆ ಬುಟ್ಟಿ ಎತ್ತುತ್ತಿದ್ದಳು. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದ್ದಕ್ಕೂ ಇದಕ್ಕೂ ಅವಳ ಲೆಕ್ಕದಲ್ಲಿ ಭೇದವಿರಲಿಲ್ಲ. ಅಂಥದೊಂದು ಶಿಬಿರ ಮುಗಿದ ಮುಂದಿನ ಮುಂಗಾರಿನಲ್ಲಿ ಅವಳಿಗೆ ಮಗಳು ಹುಟ್ಟಿದಳು. ಅದೇ ದವಾಖಾನೆಯಲ್ಲಿ, ತಾನೇ ಬೆಳಗ್ಗೆ ತೊಳೆದಿಟ್ಟ ಮೇಜಿನ ಮೇಲೆ ಹೆತ್ತಳು. ಇಷ್ರತ ಎಂದು ಹೆಸರಿಟ್ಟರು. ಅವಳ ನಂತರ ಬೇರೆ ಮಕ್ಕಳಾಗಲಿಲ್ಲ.

ಇಷ್ರತ ಕಾಲೇಜು ಮುಗಿಸಿ ಮನೆಯಲ್ಲಿ ಹೊಲಿಗೆ ಹಿಡಿದ ವರ್ಷವೇ ಡಾಕ್ಟರ್ ಮಹೇಶ್ವರಿ ಎರಿಹಾಳಕ್ಕೆ ಬಂದರು. ಬಾಗಲಕೋಟೆ ಕಡೆಯವರು, ವಯಸ್ಸು ಚಿಕ್ಕದು, ನಡಿಗೆ ಚುರುಕು. ಬಂದ ಕೆಲವೇ ತಿಂಗಳಲ್ಲಿ ಎಲ್ಲರನ್ನೂ ಕೂಡಿಸಿ, ನಮ್ಮ ದವಾಖಾನೆಗೆ ದೇಶದ ಮಟ್ಟದ ಗುಣಮಟ್ಟದ ಪ್ರಮಾಣಪತ್ರ ತರಬೇಕು ಎಂದರು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಬಾಗಿಲಿನಿಂದ ಹಿತ್ತಲಿನವರೆಗೆ ನೋಡುತ್ತಾರೆ, ಡಾಕ್ಟರಿನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರನ್ನೂ ಪ್ರಶ್ನೆ ಕೇಳುತ್ತಾರೆ, ಅಂಕ ಕೊಡುತ್ತಾರೆ.

"ನನ್ನೂ ಕೇಳತಾರಾ ಬಾಯಾರ?" ಎಂದು ಕಾಶೀಂಬಿ ಗಾಬರಿಯಾದಳು.

"ನಿನ್ನನ್ನ ಮೊದಲ ಕೇಳತಾರ. ದವಾಖಾನಿ ಸ್ವಚ್ಛ ಐತೋ ಇಲ್ಲೋ ನಿನ್ನ ಬಿಟ್ಟು ಯಾರಿಗೆ ಗೊತ್ತು?"

ಆ ಮಾತಿನಿಂದ ಕಾಶೀಂಬಿ ಮಗಳಿಗೆ ಲಗ್ನ ಗೊತ್ತಾದವಳ ಹಾಗೆ ಓಡಾಡತೊಡಗಿದಳು. ಗೋಡೆಗೆ ಬಣ್ಣ ಬಂತು. ಒಂದೊಂದು ಕೋಣೆಗೂ ಹೆಸರಿನ ಫಲಕ ಬಂತು. ಹಿತ್ತಲಿನ ಸುಡುವ ಗುಂಡಿ ಮುಚ್ಚಿ, ಸೂಜಿ ಹಾಕಲೆಂದೇ ಸಿಮೆಂಟಿನ ಬೇರೆ ಗುಂಡಿ ಕಟ್ಟಿದರು. ಹಳದಿ ಚೀಲ ಯಾವುದಕ್ಕೆ, ಕೆಂಪು ಯಾವುದಕ್ಕೆ, ಒಡೆದ ಗಾಜು ಎಲ್ಲಿಗೆ, ಎಲ್ಲ ಕಲಿಯಬೇಕಾಯಿತು. ಮೊಣಕಾಲಿನವರೆಗಿನ ಬೂಟು, ದಪ್ಪ ರಬ್ಬರಿನ ಕೈಗವಸು ಅವಳಿಗೂ ಬಂದವು. ಮೊದಮೊದಲು ಆ ಬೂಟು ಹಾಕಿ ನಡೆಯಲು ಬಾರದೆ ಗೋಡೆ ಹಿಡಿದಳು. ಲ್ಯಾಬಿನ ಅನಿಲಕುಮಾರ ನಕ್ಕ. ತಿಂಗಳೊಪ್ಪತ್ತಿನಲ್ಲಿ ಆಕೆ ಅದನ್ನು ತೊಳೆದು, ಒರೆಸಿ, ತಲೆಕೆಳಗು ಮಾಡಿ ಒಣಗಿಸಿ, ಮನೆಗೆ ಹೊರಡುವಾಗ ಇನ್ನೊಮ್ಮೆ ನೋಡಿ ಹೋಗುವಂತಾದಳು. ನರ್ಸ್ ಶಾಂಭವಿ ಅವಳ ಜೊತೆಗಾತಿ. ಇಬ್ಬರೂ ಮಧ್ಯಾಹ್ನ ಹೆರಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿ ಪಲ್ಯ ಹಂಚಿಕೊಳ್ಳುತ್ತಿದ್ದರು. "ಇಷ್ಟ ವರ್ಷ ದನದಗತೆ ದುಡದ್ವಿ ನೋಡಕ್ಕಾ," ಎಂದು ಕಾಶೀಂಬಿ ಒಂದು ದಿನ ಅಂದಳು, "ಈಗ ಮನಶ್ಯಾರಾದ್ವಿ."

ಪರೀಕ್ಷಕರ ನಿಯಮಗಳಲ್ಲಿ ಒಂದು, ಸಿಬ್ಬಂದಿಯ ಆರೋಗ್ಯದ್ದು. ರಕ್ತ, ಸೂಜಿಯ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಕಾಮಣಿಯ ಲಸಿಕೆ ಹಾಕಿರಬೇಕು. ಹಾಕುವ ಮೊದಲು ರಕ್ತ ನೋಡಬೇಕು. ನಿಯಮ ಹೊಸದಲ್ಲ, ಹಳೆಯದೇ. ಎರಿಹಾಳದಲ್ಲಿ ಅದನ್ನು ಯಾರೂ ತೆಗೆದು ನೋಡಿರಲಿಲ್ಲ, ಅಷ್ಟೇ. ಅನಿಲಕುಮಾರ ಎಲ್ಲರ ಬೆರಳಿನಿಂದ ಹನಿ ರಕ್ತ ತೆಗೆದು, ಪುಟ್ಟ ಬಿಳಿ ಪಟ್ಟಿಗಳ ಮೇಲೆ ಬಿಟ್ಟು ಸಾಲಾಗಿ ಇಟ್ಟ. ಎಲ್ಲರದ್ದರಲ್ಲೂ ಒಂದು ಕೆಂಪು ಗೆರೆ ಮೂಡಿತು. ಒಂದರಲ್ಲಿ ಎರಡು. ಅವನು ಹೊಸ ಪಟ್ಟಿ ಒಡೆದು ಮತ್ತೆ ನೋಡಿದ. ಮತ್ತೆ ಎರಡು. ಹೊರಗೆ ಕಾಶೀಂಬಿ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸುತ್ತ, "ಮುಗೀತೇನ್ರಿ? ಸೂಜಿ ಯಾವಾಗ ಹಾಕತೀರಿ?" ಎಂದು ಕೇಳಿದಳು. ಅವನು ಎರಡೂ ಪಟ್ಟಿ ಹಿಡಿದು ಡಾಕ್ಟರ ಕೋಣೆಗೆ ಹೋದ.

ಮಹೇಶ್ವರಿ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. "ಕುಂದ್ರು" ಎಂದು ಪೇಷಂಟಿನ ಸ್ಟೂಲು ತೋರಿಸಿದರು. ಇಷ್ಟು ವರ್ಷಗಳಲ್ಲಿ ಆ ಸ್ಟೂಲನ್ನು ಎಷ್ಟು ಸಲ ಒರೆಸಿದ್ದಳೋ, ಕಾಶೀಂಬಿ ಅದರ ಮೇಲೆ ಕೂತಿರಲಿಲ್ಲ.

"ನಿನಗ ಸೂಜಿ ಹಾಕಾಂಗಿಲ್ಲ ಕಾಶೀಂಬಿ. ಆ ರೋಗ ಆಗಲೇ ನಿನ್ನ ಮೈಯಾಗ ಐತಿ."

"ಕಾಮಣಿ? ನನಗೇನ್ ಆಗಿಲ್ಲಲ್ರಿ. ಕಣ್ಣ ಹಳದಿ ಆಗಿಲ್ಲ, ಉಂಡದ್ದು ಹೊರಗ ಬಂದಿಲ್ಲ."

"ಎಲ್ಲಾರಿಗೂ ಆಗಂಗಿಲ್ಲ. ಒಳಗಽ ಇರತದ, ವರ್ಷಾನಗಟ್ಟಲೆ. ಲಿವರ್ ತಿನಕೋತ ಕೂಡತದ."

"ಯಾವಾಗ ಬಂತ್ರಿ?"

"ಅದನ್ನ ಯಾರೂ ಹೇಳಾಕ ಆಗಂಗಿಲ್ಲ."

ಕಾಶೀಂಬಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ನೋಡಿದಳು. ಯಾವ ಬೆರಳು, ಯಾವ ಶಿಬಿರ, ಯಾವ ಬುಟ್ಟಿ? ಮಹೇಶ್ವರಿಯೂ ಆ ಕೈಗಳನ್ನೇ ನೋಡುತ್ತಿದ್ದರು. "ಈ ಲಸಿಕೆ ನಿನಗ ಯಾವತ್ತೋ ಹಾಕಬೇಕಾಗಿತ್ತು," ಎಂದರು. ಯಾರು ಹಾಕಬೇಕಿತ್ತು ಎಂದು ಹೇಳಲಿಲ್ಲ, ಕಾಶೀಂಬಿ ಕೇಳಲೂ ಇಲ್ಲ. ಹಿಂದಿನ ಡಾಕ್ಟರುಗಳಲ್ಲಿ ಒಬ್ಬರು ನಿವೃತ್ತರಾಗಿದ್ದರು, ಒಬ್ಬರು ತೀರಿಕೊಂಡಿದ್ದರು, ಉಳಿದವರು ಎಲ್ಲೆಲ್ಲೋ ಇದ್ದರು. ಅವರಲ್ಲಿ ಯಾರೂ ಅವಳಿಗೆ ಕೆಟ್ಟದ್ದು ಬಯಸಿದವರಲ್ಲ.

ಗದಗಿನ ದೊಡ್ಡ ದವಾಖಾನೆಯಲ್ಲಿ ಹೊಟ್ಟೆಯ ಸ್ಕ್ಯಾನು ಮಾಡಿದರು. ಲಿವರ್ ಗಂಟುಗಟ್ಟಿ ಒರಟಾಗಿದೆ, ಹಿಂದಕ್ಕೆ ತಿರುಗುವುದಿಲ್ಲ, ದಿನಕ್ಕೊಂದು ಗುಳಿಗೆ ಬದುಕಿರುವ ತನಕ ನುಂಗಿದರೆ ಮುಂದಕ್ಕೆ ಹೋಗುವುದು ನಿಧಾನವಾಗುತ್ತದೆ ಎಂದರು. ಒಂದೆರಡು ವರ್ಷದಿಂದ ಸಂಜೆಯ ಹೊತ್ತಿಗೆ ಮೈಯೆಲ್ಲ ಸೋತು ಬರುತ್ತಿದ್ದುದು ವಯಸ್ಸಿನಿಂದಲ್ಲ ಎಂದು ಆಗ ಅವಳಿಗೆ ತಿಳಿಯಿತು.

ಕೆಲಸ ಬಿಡಬೇಕಿಲ್ಲ, ಮುಟ್ಟಿದರೆ, ಕೂಡಿ ಉಂಡರೆ ಇದು ಹತ್ತುವುದಿಲ್ಲ ಎಂದು ಡಾಕ್ಟರು ಎಲ್ಲರೆದುರು ಹೇಳಿದರು. ಶಾಂಭವಿ ತಲೆಯಾಡಿಸಿದಳು. ಆದರೆ ಮರುದಿನ ಮಧ್ಯಾಹ್ನ, ಯಾಕೋ ಹಸಿವಿಲ್ಲವೆಂದು ಮೆಟ್ಟಿಲ ಕಡೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕಾಶೀಂಬಿ ಒಬ್ಬಳೇ ಕೂತು ರೊಟ್ಟಿ ಮುರಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತು.

ಆದರೆ ನಿಜವಾದ ಪೆಟ್ಟು ಇನ್ನೂ ಬೀಳುವುದಿತ್ತು. ಮನೆಮಂದಿಯ ರಕ್ತ ನೋಡಬೇಕು ಎಂದು ಮಹೇಶ್ವರಿ ಪಟ್ಟು ಹಿಡಿದರು. ಯಮನೂರಸಾಬನದ್ದು ಒಂದೇ ಗೆರೆ. ಅವನಿಗೆ ಅಲ್ಲೇ ಲಸಿಕೆಯ ಮೊದಲ ಸೂಜಿ ಹಾಕಿದರು. ಇಷ್ರತಳದ್ದು ಎರಡು.

ತಾಯಿಯ ಮೈಯಲ್ಲಿದ್ದರೆ ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ಹತ್ತುತ್ತದೆ, ಹುಟ್ಟಿದ ದಿನವೇ ಸೂಜಿ ಹಾಕಿದರೆ ಬಹುತೇಕ ತಪ್ಪುತ್ತದೆ, ಇಷ್ರತ ಹುಟ್ಟಿದಾಗ ಆ ಸೂಜಿ ಇನ್ನೂ ಇಂಥ ದವಾಖಾನೆಗಳಿಗೆ ಬಂದಿರಲಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಈಗ ಅದೇ ಕೋಣೆಯಲ್ಲಿ ಹುಟ್ಟುವ ಪ್ರತಿ ಕೂಸಿಗೂ ಹಾಕುತ್ತಾರೆ. ಆ ಔಷಧಿಯ ಸೀಸೆಗಳನ್ನು ತಂಪು ಪೆಟ್ಟಿಗೆಯಿಂದ ತಂದು ನರ್ಸಿನ ಕೈಗೆ ಕೊಡುತ್ತಿದ್ದವಳು ಎಷ್ಟೋ ಸಲ ಕಾಶೀಂಬಿಯೇ.

ಮನೆಗೆ ಬಂದ ಇಷ್ರತ ಹೊಲಿಗೆ ಯಂತ್ರದ ಮುಂದೆ ಕೂತು, ಅರ್ಧಕ್ಕೆ ನಿಲ್ಲಿಸಿದ್ದ ಯಾರದೋ ಜಂಪರಿನ ತೋಳನ್ನು ಸೂಜಿಯ ಕೆಳಗಿಟ್ಟು, ತುಳಿಯದೆ ಹಾಗೇ ಬಿಟ್ಟಳು.

"ಅವ್ವಾ," ಎಂದಳು ಕಡೆಗೆ, ತಿರುಗಿ ನೋಡದೆ. "ನನಗ ಇದು ನಿನ್ನಿಂದ ಬಂತು. ಹೌದಿಲ್ಲೋ?"

ಕಾಶೀಂಬಿ ಒಲೆಯ ಮುಂದೆ ಹೋಗಿ ಕೂತು, ಹಚ್ಚದ ಒಲೆಗೆ ಕಟ್ಟಿಗೆ ಜೋಡಿಸತೊಡಗಿದಳು.

ಇಷ್ರತಳ ನಿಶ್ಚಯ ಆಗಿತ್ತು. ಗಜೇಂದ್ರಗಡದ ಹುಡುಗ, ಶಾಹೀದ. ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುವ ಓಣಿಯಲ್ಲಿ ಅವನದೊಂದು ವೆಲ್ಡಿಂಗ್ ಅಂಗಡಿ. ತಂದೆ ಇಲ್ಲ, ತಾಯಿ ಸುಗರಾ ಒಬ್ಬಳೇ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಬಕ್ರೀದ್ ಮುಗಿದ ಮೇಲೆ ಲಗ್ನವೆಂದು ಮಾತಾಗಿತ್ತು. ಯಮನೂರಸಾಬ ಮಗಳ ಗಾದಿಗೆಂದು ಆರಿಸಿ ಆರಿಸಿ ಹತ್ತಿ ತಂದು ಅಟ್ಟದ ಮೇಲೆ ಇಟ್ಟಿದ್ದ.

ಮಹೇಶ್ವರಿ ಹೇಳಿದ್ದು ಸರಳವಾಗಿತ್ತು. ಇಷ್ರತಳ ಲಿವರ್ ಇನ್ನೂ ಕೆಟ್ಟಿಲ್ಲ, ಗುಳಿಗೆಯೂ ಬೇಡ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡರೆ ಸಾಕು. ಲಗ್ನವಾಗಬಹುದು, ಮಕ್ಕಳಾಗಬಹುದು. ಗಂಡ ಹೆಂಡಿರ ನಡುವೆ ಇದು ಹತ್ತುವುದರಿಂದ ಹುಡುಗ ಮಾತ್ರ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ಅದಕ್ಕೆ ಅವನಿಗೆ ಗೊತ್ತಿರಬೇಕು.

"ಗೊತ್ತಾಗೂದ ಬ್ಯಾಡ," ಎಂದ ಯಮನೂರಸಾಬ. ಗಂಡ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಕಾಶೀಂಬಿ ಕೇಳಿದ್ದು ಅಪರೂಪ. "ಒಂದ ಸಲ ಬಾಯಿಂದ ಹೊರಗ ಬಿದ್ದರ ಮುಗೀತು. ರೋಣದಾಗ ತಿಳೀತದ, ನರಗುಂದದಾಗ ತಿಳೀತದ. ಆ ಮ್ಯಾಲೆ ಈಕೀನ ಯಾರು ಒಯ್ಯತಾರ?"

"ಆ ಹುಡುಗಗ ಹತ್ತಿದರ?"

"ನನಗ ಹತ್ತೇತೇನ? ಇಷ್ಟ ವರ್ಷ ನಿನ್ನ ಕೂಡ ಬಾಳೇ ಮಾಡೀನಿ."

ಅದು ನಿಜವೇ. ಯಾಕೆ ಹತ್ತಲಿಲ್ಲವೆಂದು ಡಾಕ್ಟರಿಗೂ ಹೇಳಲಾಗಿರಲಿಲ್ಲ. ಕೆಲವರಿಗೆ ಹತ್ತಿ ತಾನೇ ಹೋಗಿಬಿಡುತ್ತದೆ, ಕೆಲವರಿಗೆ ಉಳಿಯುತ್ತದೆ ಎಂದಿದ್ದರು. ಆದರೆ ಕಾಶೀಂಬಿ ಅದೃಷ್ಟದ ಮೇಲೆ ಭಾರ ಹಾಕುವ ಸ್ಥಿತಿಯಲ್ಲಿರಲಿಲ್ಲ. ಗೊತ್ತಿದ್ದೂ ಮುಚ್ಚಿಟ್ಟು ಇನ್ನೊಬ್ಬ ತಾಯಿಯ ಮಗನ ಮೈಗೆ ಇದನ್ನು ಕಳಿಸುವುದು ಹೇಗೆ? ತನ್ನ ಹೊಟ್ಟೆಯೊಳಗೆ ಕೂತು ತಿನ್ನುತ್ತಿರುವುದು ಏನೆಂದು ಈಗ ಅವಳಿಗೆ ಗೊತ್ತಿತ್ತು.

ಇಷ್ರತ ತಂದೆ ತಾಯಿಯ ನಡುವೆ ಬಂದು ನಿಂತಳು. "ನಾನಽ ಹೇಳತೀನಿ ಅವನಿಗೆ. ನನಗ ಒಂದೀಟು ದಿನ ಬಿಡ್ರಿ. ಯಾರೂ ಏನೂ ಮಾಡಬ್ಯಾಡ್ರಿ."

ಬಿಟ್ಟರು. ದಿನಗಳು ಹೋದವು. ಸಂಜೆ ಶಾಹೀದನ ಫೋನು ಬಂದರೆ ಇಷ್ರತ ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಶೀಂಬಿ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಕೇಳಿಸುತ್ತಿದ್ದುದು ನಗು. ಹಿಂದೆಂದೂ ಕೇಳದಂಥ, ಮೆಲ್ಲನೆಯ ನಗು. ಆ ನಗುವಿನ ನಡುವೆ ಈ ಮಾತನ್ನು ಹೇಗೆ ಎತ್ತಿಯಾಳು? ತಾನಾದರೂ ಆ ವಯಸ್ಸಿನಲ್ಲಿ ಎತ್ತುತ್ತಿದ್ದೆನೇ? ಬಕ್ರೀದ್ ಮುಗಿಯಿತು. ಬೀಗರ ಕಡೆಯಿಂದ ಲಗ್ನದ ಬಟ್ಟೆಗೆ ಅಳತೆಯ ಜಂಪರು ಕಳಿಸಿರೆಂದು ಹೇಳಿಕೆ ಬಂತು. ಇಷ್ರತ ಕಳಿಸಿದಳು.

ಮರುದಿನ ಕಾಶೀಂಬಿ ರಜೆ ಕೇಳಿ, ಮನೆಯಲ್ಲಿ ಯಾರಿಗೂ ಹೇಳದೆ ಗಜೇಂದ್ರಗಡದ ಬಸ್ಸು ಹತ್ತಿದಳು.

ಸುಗರಾ ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದೊಯ್ದಳು. "ಬರ್ರಿ ಬರ್ರಿ ಅಕ್ಕಾರ, ಒಂದ ಮಾತ ಹೇಳಿದ್ದರ ಹುಡುಗನ್ನ ಸ್ಟ್ಯಾಂಡಿಗೆ ಕಳಸ್ತಿದ್ನಿ." ಚಹಾಕ್ಕಿಟ್ಟಳು. ಗೋಡೆಯ ಗೂಟಕ್ಕೆ ಇಷ್ರತ ಕಳಿಸಿದ ಜಂಪರು ತೂಗುತ್ತಿತ್ತು. ಕಾಶೀಂಬಿ ಅದನ್ನೇ ನೋಡುತ್ತ ಎಲ್ಲವನ್ನೂ ಹೇಳಿದಳು: ದವಾಖಾನೆಯ ಪರೀಕ್ಷೆ, ತನ್ನ ರಕ್ತ, ಮಗಳ ರಕ್ತ, ಹುಡುಗನಿಗೆ ಹಾಕಿಸಬೇಕಾದ ಸೂಜಿ. ಡಾಕ್ಟರು ಹೇಳಿದ್ದನ್ನು ಒಂದು ಮಾತೂ ಬಿಡದೆ, ಹೆದರಿಸದೆ, ಮುಚ್ಚದೆ ಹೇಳಿದಳು.

ಸುಗರಾ ಎಲ್ಲ ಕೇಳಿದ ಮೇಲೆ, "ನೀವು ಬಂದ ಹೇಳಿದ್ದು ದೊಡ್ಡದಾತು ಅಕ್ಕಾರ," ಎಂದಳು. "ಬ್ಯಾರೆದವರಾಗಿದ್ದರ ಹೇಳತಿದ್ದಿಲ್ಲ." ಆಮೇಲೆ ಒಲೆಯ ಕಡೆ ನೋಡಿ, "ನನಗ ಒಬ್ಬನಽ ಮಗ," ಎಂದಳು. ಅಷ್ಟೇ. ಚಹಾ ಉಕ್ಕಿ ಒಲೆಗೆ ಬಿತ್ತು. ಇಬ್ಬರೂ ಏಳಲಿಲ್ಲ.

ಮನೆಗೆ ಬಂದು ಕಾಶೀಂಬಿ ಮಗಳಿಗೆ ತಾನೇ ಹೇಳಿದಳು. ಇಷ್ರತ ಹಿಡಿದ ಕತ್ತರಿಯನ್ನು ಕೆಳಗಿಟ್ಟಳು. "ಇವತ್ತ ಹೇಳಾಕಿ ಇದ್ನಿ," ಎಂದಳು. "ಇವತ್ತ ಸಂಜಿಗೆ. ನೀ ನನಗ ಅದನ್ನೂ ಬಿಡಲಿಲ್ಲ." ಅವಳು ಖರೇ ಹೇಳುವವಳಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿತ್ತೋ ಇಲ್ಲವೋ. ಕಾಶೀಂಬಿ ಆ ಮಾತನ್ನು ನಂಬಿದಳು, ಮತ್ತು ಅದರ ಭಾರವನ್ನು ಹೊತ್ತುಕೊಂಡಳು.

ಆ ಸಂಜೆ ಫೋನು ಬರಲಿಲ್ಲ. ವಾರದೊಳಗೆ ಸುಗರಾಳ ಕಡೆಯ ಹಿರಿಯರೊಬ್ಬರು ಬಂದು ನಿಶ್ಚಯದ ಸೀರೆ, ಉಂಗುರ ಕೇಳಿ ತೆಗೆದುಕೊಂಡು ಹೋದರು. ಜಗಳವಿಲ್ಲ, ಏರು ಮಾತಿಲ್ಲ. ಹೋಗುವಾಗ ಅವರು ಇಷ್ರತಳ ಅಳತೆಯ ಜಂಪರನ್ನು ಮಡಚಿ ಕಟ್ಟೆಯ ಮೇಲಿಟ್ಟರು. ಯಮನೂರಸಾಬ ಹೆಂಡತಿಯನ್ನು ಬೈಯಲಿಲ್ಲ. ಅಟ್ಟ ಹತ್ತಿ ಆ ಹತ್ತಿಯನ್ನು ಇಳಿಸಿ, ಅಬ್ಬಿಗೇರಿಯಲ್ಲಿ ಇನ್ನಾರದೋ ಮಗಳ ಗಾದಿಗೆ ತುಂಬಿಬಂದ. ಇಷ್ರತ ಹೊಲಿಗೆ ಯಂತ್ರವನ್ನು ಟಂಟಂ ಗಾಡಿಗೆ ಹಾಕಿಸಿ, ನರಗುಂದದ ಸೋದರಮಾವನ ಮನೆಗೆ ಹೊರಟಳು. ಅಲ್ಲೊಂದು ಬಟ್ಟೆ ಅಂಗಡಿಯಲ್ಲಿ ಹೊಲಿಯುವ ಕೆಲಸ ನೋಡಿಕೊಂಡಿದ್ದಳು. ಗಾಡಿ ಹತ್ತುವ ಮೊದಲು ತಂದೆಯ ಕೈ ಹಿಡಿದಳು. ತಾಯಿಗೆ, "ಗುಳಿಗಿ ತಪ್ಪಸಬ್ಯಾಡ," ಎಂದಳು.

ಪರೀಕ್ಷಕರು ಬಂದದ್ದು ಕಡಲೆ ಹೊಲಗಳು ಹೂ ಬಿಟ್ಟ ಕಾಲಕ್ಕೆ. ಇಬ್ಬರು, ಬೇರೆ ಬೇರೆ ರಾಜ್ಯಗಳವರು; ಅವರ ಮಾತನ್ನು ಮಹೇಶ್ವರಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಎಲ್ಲ ನೋಡಿದರು, ಕಪಾಟು ತೆಗೆಸಿದರು, ನಲ್ಲಿ ತಿರುಗಿಸಿದರು, ಹಿತ್ತಲಿಗೆ ಹೋದರು. ಕಾಶೀಂಬಿ ಬೂಟು ಹಾಕಿ, ಕೈಗವಸು ತೊಟ್ಟು, ಬಣ್ಣದ ಡಬ್ಬಿಗಳ ಪಕ್ಕ ನಿಂತಿದ್ದಳು. ಮೈಯಲ್ಲಿ ಕಸುವಿರಲಿಲ್ಲ. ಪಾದ ಬಾತು ಬೂಟು ಬಿಗಿಯುತ್ತಿತ್ತು.

ಅವರಲ್ಲಿ ವಯಸ್ಸಾದವರು, ಕೆಲಸ ಮಾಡುವಾಗ ಸೂಜಿ ಚುಚ್ಚಿದರೆ ಏನು ಮಾಡುತ್ತೀರಿ ಎಂದು ಕೇಳಿದರು.

"ಸಾಬಾಣ ಹಚ್ಚಿ ಹರಿಯೂ ನೀರಾಗ ತೊಳಿತೀನ್ರಿ. ಹಿಂಡಂಗಿಲ್ಲ, ಬಾಯಾಗ ಇಡಂಗಿಲ್ಲ. ಲಗೂನ ಡಾಕ್ಟರಿಗೆ ಹೇಳತೀನ್ರಿ."

"ಹೆಪಟೈಟಿಸ್ ಲಸಿಕೆ ಪೂರ್ತಿ ಆಗಿದೆಯೇ?"

ಮಹೇಶ್ವರಿ ಆ ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ ತಡವರಿಸಿದರು. ತಾವೇ ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಕಾಶೀಂಬಿ, "ನನಗ ಹಾಕಿಲ್ರಿ," ಎಂದಳು. "ಉಳಿದವರಿಗೆಲ್ಲಾ ಹಾಕ್ಯಾರ. ನನಗ ಹಾಕೂದ್ರಾಗ ರೋಗ ಬಂದ ಬಿಟ್ಟಿತ್ತು. ನನ್ನ ಮಗಳಿಗೂ ಐತಿ."

ಆ ಪರೀಕ್ಷಕರಿಗೆ ಕನ್ನಡ ಬಾರದಿದ್ದರೂ ಅವಳ ಮುಖ ನೋಡಿ ಏನೋ ತಿಳಿಯಿತು. ಮಹೇಶ್ವರಿ ಹೇಳಿದ್ದನ್ನು ಕೇಳಿಕೊಂಡು, ಪೆನ್ನಿನ ಮುಚ್ಚಳ ಹಾಕಿದರು. ಔಷಧಿ ಸಿಗುತ್ತಿದೆಯೇ, ಹಗುರ ಕೆಲಸ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿದರು. ಸಿಗುತ್ತಿದೆ ಎಂದಳು. ಅವರು ಮುಂದಿನ ಕೋಣೆಗೆ ಹೋದರು. ಅವರಿಗೂ ಮಾಡಲಿಕ್ಕೆ ಬೇರೇನಿರಲಿಲ್ಲ.

ಪ್ರಮಾಣಪತ್ರ ಬಂತು. ಒಳ್ಳೆಯ ಅಂಕಗಳು. ಅದನ್ನು ಚೌಕಟ್ಟು ಹಾಕಿಸಿ ಬಾಗಿಲ ಎದುರಿನ ಗೋಡೆಗೆ ತೂಗುಹಾಕಿದರು. ರೋಣದಿಂದ ಅಧಿಕಾರಿಗಳು ಬಂದು ಹಾರ ಹಾಕಿ, ಪೇಢೆ ಹಂಚಿದರು. ಆ ದಿನ ಕಾಶೀಂಬಿ ಗದಗಿನಲ್ಲಿ ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಸಿಕೊಳ್ಳುತ್ತ ಮಲಗಿದ್ದಳು. ಎರಡು ದಿನ ಬಿಟ್ಟು ಶಾಂಭವಿ ಮನೆಗೆ ಬಂದಳು, ಪೇಢೆ ತಂದಿದ್ದಳು. ಹಾಸಿಗೆಯ ತುದಿಯಲ್ಲಿ ಕೂತು, ಕಾಶೀಂಬಿ ಕುಡಿದಿಟ್ಟ ಲೋಟದಲ್ಲೇ ನೀರು ಬಗ್ಗಿಸಿಕೊಂಡು ಕುಡಿದಳು, ಅವಳಿಗೆ ಕಾಣುವ ಹಾಗೆ. ಅತ್ತು ಎದ್ದು ಹೋದಳು.

ಕಾಶೀಂಬಿಗೆ ಮತ್ತೆ ಕೆಲಸಕ್ಕೆ ಹೋಗಲಾಗಲಿಲ್ಲ. ಏಜೆನ್ಸಿಯವರು ಅವಳ ಜಾಗಕ್ಕೆ ಪುರ್ತಗೇರಿಯ ಹೆಣ್ಣುಮಗಳೊಬ್ಬಳನ್ನು ತಂದರು. ಬಂದ ದಿನ ಮಹೇಶ್ವರಿ ಆಕೆಯ ಕೈಗೆ ಕಸಬರಿಗೆ ಕೊಡಿಸಲಿಲ್ಲ. ಮೊದಲು ರಕ್ತ ನೋಡಿಸಿ, ಲಸಿಕೆ ಹಾಕಿಸಿ, ಆಮೇಲೆಯೇ ಕೆಲಸ ತೋರಿಸಿದರಂತೆ. ಅನಿಲಕುಮಾರ ಇದನ್ನು ಮನೆಯತನಕ ಬಂದು ಹೇಳಿದ, ಕಾಶೀಂಬಿಗೆ ಸಮಾಧಾನವಾದೀತೆಂದು. ಆಕೆ, "ಚಲೋ ಆತು," ಎಂದಳು. ನಿಜವಾಗಿಯೂ ಚಲೋ ಆಯಿತೆಂದೇ ಅವಳಿಗೆ ಅನ್ನಿಸಿತು. ಅವನು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಈಗ ತಿಂಗಳಿಗೊಮ್ಮೆ ಗದಗಿಗೆ ಹೋಗುತ್ತಾಳೆ. ಯಮನೂರಸಾಬ ರೋಣದ ಬಸ್ಸಿನಲ್ಲಿ ಕರೆದೊಯ್ಯುತ್ತಾನೆ. ಮೊದಲೆರಡು ಸಲ ಅವನೇ ಚೀಟಿ ಹಿಡಿದು ಓಡಾಡಿದ. ಮೂರನೆಯ ಸಲ ಹೋದಾಗ ದವಾಖಾನೆಯ ಗೇಟಿನಲ್ಲಿ ಇಷ್ರತ ನಿಂತಿದ್ದಳು. ನರಗುಂದದ ಬಸ್ಸಿಗೆ ಮೊದಲೇ ಬಂದು, ತನ್ನದೂ ತಾಯಿಯದೂ ಎರಡೂ ಚೀಟಿ ಮಾಡಿಸಿಟ್ಟಿದ್ದಳು. ಅಂದಿನಿಂದ ಪ್ರತಿ ತಿಂಗಳೂ ಬರುತ್ತಾಳೆ. ತಾಯಿಯ ತೋಳು ಹಿಡಿದು ಕೋಣೆಯಿಂದ ಕೋಣೆಗೆ ನಡೆಸುತ್ತಾಳೆ, ಉಪ್ಪಿಲ್ಲದ ಅಡುಗೆ ಮಾಡಿ ಡಬ್ಬಿ ತಂದಿರುತ್ತಾಳೆ. ಗಜೇಂದ್ರಗಡದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಶಾಹೀದನಿಗೆ ಬೇರೆ ಕಡೆ ಲಗ್ನವಾಯಿತೆಂದು ಕಾಶೀಂಬಿಗೆ ಗೊತ್ತಿದೆ. ಇಷ್ರತಳಿಗೂ ಗೊತ್ತಿರಬೇಕು.

ಹೋದ ಸಲ ಡಾಕ್ಟರು ಕಾಗದಗಳನ್ನು ನೋಡಿ, ಮಗಳನ್ನು ಮಾತ್ರ ಒಳಗೆ ಕರೆದರು. ಹೊರಗೆ ಬಂದ ಇಷ್ರತ ತಾಯಿಯ ಸೆರಗು ಸರಿಮಾಡಿದಳು, ಚಪ್ಪಲಿಯನ್ನು ಕಾಲಿನ ಮುಂದಿಟ್ಟಳು. ಡಾಕ್ಟರು ಏನಂದರೆಂದು ಕಾಶೀಂಬಿ ಕೇಳಲಿಲ್ಲ. ದವಾಖಾನೆಯಲ್ಲಿ ಬದುಕು ಕಳೆದವಳು, ಮನೆಮಂದಿಯನ್ನು ಒಳಗೆ ಕರೆದು ಏನು ಹೇಳುತ್ತಾರೆಂದು ಅವಳಿಗೆ ತಿಳಿಯದ್ದಲ್ಲ.

ಬಸ್ ಸ್ಟ್ಯಾಂಡಿನಲ್ಲಿ ರೋಣದ ಬಸ್ಸು ಹೊರಡಲು ನಿಂತಿತ್ತು. ನರಗುಂದದ್ದು ಆಚೆ ಕಡೆಗೆ. ಯಮನೂರಸಾಬ ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದ.

"ನೀನೂ ಮನೀಗೆ ಬಾರವ್ವಾ," ಎಂದಳು ಕಾಶೀಂಬಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ನಾಕ ದಿನ ಇದ್ದ ಹೋಗು."

"ಅಂಗಡ್ಯಾಗ ಕೆಲಸ ಐತವ್ವಾ," ಎಂದಳು ಇಷ್ರತ. "ಮುಂದಿನ ಸಲ ನೋಡೂಣು."

ತಾಯಿಯನ್ನು ಹಿಂದಿನಿಂದ ಮೆಲ್ಲಗೆ ಎತ್ತಿ ಹತ್ತಿಸಿದಳು. ಮೈ ಎಷ್ಟು ಹಗುರಾಗಿದೆಯೆಂದು ಅವಳ ಕೈಗಳಿಗೆ ತಿಳಿದಿರಬೇಕು, ಒಂದು ಗಳಿಗೆ ಬಿಡದೆ ಹಾಗೇ ಹಿಡಿದು ನಿಂತಳು. ಕಂಡಕ್ಟರ ಸೀಟಿ ಊದಿದ. ಬಸ್ಸು ತಿರುಗಿಕೊಂಡು ಗೇಟು ದಾಟುವಾಗ ಕಾಶೀಂಬಿ ಕಿಟಕಿಯಿಂದ ಬಗ್ಗಿ ನೋಡಿದಳು. ಮಗಳು ಜನರ ನಡುವೆ ದಾರಿ ಮಾಡಿಕೊಳ್ಳುತ್ತ, ಖಾಲಿ ಡಬ್ಬಿಯ ಚೀಲವನ್ನು ಎದೆಗೆ ಹಿಡಿದುಕೊಂಡು, ನರಗುಂದದ ಬಸ್ಸಿನ ಕಡೆ ನಡೆದುಹೋಗುತ್ತಿದ್ದಳು.